ಬೋರಲು ಶಾಸನ

ಹಿರೇಗುಂಟೆಯ ಚೌಡಮ್ಮನ ಗುಡಿಗೆ ನಾಲ್ಕು ಕಂಬ,
ನಾಲ್ಕೂ ಬೇರೆ ಬೇರೆ ದಿಬ್ಬಣದಿಂದ ಉಳಿದ ನೆಂಟರು:
ಒಂದು ತಿರುಗಣೆಯಲ್ಲಿ ಕಡೆದ ಗುಂಡು ಕಪ್ಪು,
ಒಂದಕ್ಕೆ ಹದಿನಾರು ಮೂಲೆ.
ಒಂದು ಕುಳ್ಳು, ಅದರಡಿ ಒರಳು ಬೋರಲು ಕೊಟ್ಟು
ಎತ್ತರ ಸರಿದೂಗಿಸಿದ್ದು.
ನಾಲ್ಕನೆಯದು ನಮ್ಮಜ್ಜನೇ ಸೀಳಿದ ಹಸಿಗಲ್ಲು,
ಬೆಣೆ ಹೊಡೆದ ಗುರುತು ಅಂಚಿಗೆ ಇನ್ನೂ ಹಲ್ಲು ಹಲ್ಲು.

ಗೋಡೆಯೊಳಗೆ ಸೊಂಡಿಲಿಲ್ಲದ ಆನೆ.
ಜಿನನ ಮುಕ್ಕೊಡೆಯುಂಟು, ಕೆಳಗೆ ಕೂತವನಿಲ್ಲ,
ಆ ಜಾಗದಲ್ಲಿ ದೀಪ.
ಬಾಗಿಲ ಎಡಕ್ಕೆ ಶಾಸನ, ತಲೆಕೆಳಗು;
ಸೂರ್ಯ ಚಂದ್ರ ಮೊಣಕಾಲೆತ್ತರದಲ್ಲಿ,
ಹಸು ಕರು ಕಾಲು ಮೇಲಾಗಿ.

ಮೈಸೂರಿಂದ ಬಂದ ಶಾಸನದ ಮೇಷ್ಟ್ರು
ಒದ್ದೆ ಕಾಗದ ಹಚ್ಚಿ, ಬ್ರಶ್ಶಿನಿಂದ ತಟ್ಟಿ ತಟ್ಟಿ
ಅಕ್ಷರದ ಗುಳಿಗೆಲ್ಲ ಕಾಗದ ಇಳಿಸಿದರು.
ನಾನು ಮಸಿಬಟ್ಟಲು ಹಿಡಿದಿದ್ದೆ.
‘ಯಾವ ಪೆದ್ದ ಹೀಗೆ ಕಟ್ಟಿದ್ದು?’ ಅಂದರು.
ಸುಮ್ಮನಿದ್ದೆ. ಬಟ್ಟಲು ಹಿಡಿದ ಕೈ ಅವನದೇ ಅಚ್ಚು,
ಅಗಲ ಅಂಗೈ, ಮೊಂಡು ಬೆರಳು.

ಪಾಲಬೋವಿಗೆ ಓದು ಬರದು.
ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ,
ಕಲ್ಲಿನ ಕೂಡ ಬರೀ ಹೂಂ, ಉಹೂಂ.
ಶಾಸನದ ಬುಡ ಮುರಿದು ಮೊನಚಾಗಿತ್ತು, ನೆತ್ತಿ ಅಗಲ.
ಅಗಲದ್ದು ಕೆಳಗೆ ಕೂರಬೇಕು,
ಅಷ್ಟೇ ಅವನ ವ್ಯಾಕರಣ.

ಒಣಗಿದ ಕಾಗದ ತಿರುಗಿಸಿ ಹಿಡಿದು ಓದಿದರು:
ಯಾವನೋ ಗಾವುಂಡ, ಒಂದು ಗಾಣ,
ನಂದಾದೀವಿಗೆಗೆ ದಿನಕ್ಕೊಂದು ಸೊಲಿಗೆ ಎಣ್ಣೆ,
ಯಾವ ದೇವರಿಗೆಂಬಲ್ಲಿ ಕಲ್ಲು ಚಕ್ಕೆ ಎದ್ದಿದೆ.
ಆಮೇಲೆ ಶಾಪ:
ಇದನಳಿದಂ ವಾರಣಾಸಿಯೊಳ್ ಕವಿಲೆಯನಳಿದಂ.
‘ಕಟ್ಟಿದವನಿಗೆ ತಟ್ಟಿರಬೇಕು’ ಎಂದು ನಕ್ಕರು.

ಅಜ್ಜ ಹೋದದ್ದು ಎಂಬತ್ತು ದಾಟಿ,
ಮುದ್ದೆ ಮುರಿಯುತ್ತ, ಸಾರಿಗೆ ಉಪ್ಪು ಸಾಲದೆಂದು ಬೈಯುತ್ತ.
ಚಿಕ್ಕಪ್ಪ ಮಾತ್ರ ಇಪ್ಪತ್ತಾರಕ್ಕೆ,
ಕ್ವಾರಿಯಲ್ಲಿ ತಡವಾಗಿ ಸಿಡಿದ ಮದ್ದಿಗೆ.
ಅದನ್ನು ಮೇಷ್ಟ್ರಿಗೆ ಹೇಳಲಿಲ್ಲ.
ಹೇಳಿದ್ದು ಇಷ್ಟೇ:
ಈ ಕಲ್ಲು ಮೊದಲು ಹಳ್ಳದಲ್ಲಿತ್ತು ಸಾರ್,
ಅದರ ಮೇಲೆ ಕಂಬಳಿ ಒಗೆಯುತ್ತಿದ್ದರು,
ಇನ್ನೆರಡು ಮಳೆಗಾಲಕ್ಕೆ ಅಕ್ಷರ ಸವೆಯುತ್ತಿತ್ತು.
ಎರಡು ದಿನ ಬೆನ್ನು ಕೊಟ್ಟು ಮೇಲೆ ತಂದವನು
ಬರಹದ ಮುಖ ಒಳಗಿಡಬಹುದಿತ್ತು.
ಹೊರಗೇ ಇಟ್ಟ. ಯಾಕೋ.

ಅವರು ಕಾಗದ ಸುರುಳಿ ಸುತ್ತಿ, ಕೊಳವೆಗೆ ತುರುಕಿ
ಜಗಳೂರಿನ ಬಸ್ಸು ಹಿಡಿದರು.
ಒಳಗೆ ಹನುಮಕ್ಕ ದೀಪಕ್ಕೆ ಎಣ್ಣೆ ಹೊಯ್ಯುತ್ತಿದ್ದಳು,
ಸೊಲಿಗೆಯ ಲೆಕ್ಕವಿಲ್ಲ, ಅಂಗಡಿಯ ಪಾಕೀಟು.
ಗೋಡೆ ಇನ್ನೂ ಒದ್ದೆ.
ಮೇಕೆಮರಿಯೊಂದು ಬಂದು
ಚಂದ್ರನನ್ನು ನೆಕ್ಕಿ, ರುಚಿ ಹತ್ತಿ,
ಸೂರ್ಯನ ಕಡೆ ಕತ್ತು ಚಾಚಿತು.