ಮಸಿಬಟ್ಟೆ

ನೋವಾ ಸ್ಕಾಷಿಯಾದ ಈ ಕೊಲ್ಲಿಯೂರಲ್ಲಿ ನನ್ನ ಮದುವೆಗೆ
ಬೆಳ್ಳಿ ಚಮಚ ಕೊಟ್ಟವರಿದ್ದರು, ಗಡಿಯಾರ ಕೊಟ್ಟವರಿದ್ದರು.
ಎಲ್ಡೋರಾ ಕೊಟ್ಟದ್ದು ಎರಡು ಮಸಿಬಟ್ಟೆ,
ಅಂಗೈಗಿಂತ ತುಸು ದೊಡ್ಡವು,
ಮೀನಂಗಡಿಯ ಹಳದಿ ಕಾಗದದಲ್ಲಿ ಸುತ್ತಿ.

ಬಿಚ್ಚಿದರೆ, ಮಸಿಬಟ್ಟೆ ಅನ್ನಲು ನಾಲಿಗೆ ಏಳದು.
ನಡುವೆ ಎಂಟು ಮೊನೆಯ ದಿಕ್ಸೂಚಿ:
ಕಡುನೀಲಿ, ಇಟ್ಟಿಗೆಗೆಂಪು, ಬೆಂದ ಬಟಾಣಿಯ ಹಸಿರು;
ಸುತ್ತ ಅಲೆಯಲೆಯಾಗಿ ಓಡಿದ ಹೊಲಿಗೆ,
ಒಂದೊಂದೂ ಸಾಸಿವೆಯಷ್ಟೇ.

ಒಳಗೇನಿದೆ ಎಂದು ಹಿಸುಕಿದೆ. ಹೇಳಿದಳು:
ಮೇಲೊಂದು ಹತ್ತಿ, ಕೆಳಗೊಂದು ಹತ್ತಿ,
ನಡುವೆ ಅಣ್ಣನ ಹರಿದ ಕಂಬಳಿ.
ದೋಣಿಯ ಗೂಡುಮಂಚದಲ್ಲಿ ಹೊದೆಯುತ್ತಿದ್ದದ್ದು,
ಚೂರು ಡೀಸೆಲ್ ವಾಸನೆ ಇದ್ದೀತು, ಬೈಕೋಬೇಡ.
ಉಣ್ಣೆಯೇ ಆಗಬೇಕು. ನೈಲಾನು
ಕರಗಿ ಕೈಗೆ ಮೆತ್ತುತ್ತದೆ.

ನಾನು ಮೊಳೆ ಹೊಡೆದೆ.
ಹೊಗೆ ತಾಗದ ಕಡೆ,
ಕಿಟಕಿಯ ಬಿಸಿಲೂ ಬಣ್ಣ ತಿನ್ನದ ಕಡೆ.
ಬಂದವರೆಲ್ಲ ನಿಂತು ನೋಡಿದರು.
ಕಾದ ಬಾಣಲೆಗೆ ಗಂಡನ ಹಳೆ ಕಾಲುಚೀಲ ಸಾಕಾಯಿತು.
ಒಮ್ಮೆ ಸಾಕಾಗಲಿಲ್ಲ; ಇಗೋ,
ಹೆಬ್ಬೆರಳ ಬುಡದಲ್ಲಿ ಕಲೆ.

ಚಳಿಗಾಲ ಬಂದರೆ ಅವಳದು ಅದೇ ಕಾಯಕ.
ಬಂದರಿನ ಅಂಚು ಹೆಪ್ಪುಗಟ್ಟಿ
ನಳ್ಳಿಯ ಬಲೆಬುಟ್ಟಿಗಳು ಅಂಗಳದಲ್ಲಿ ಒಟ್ಟಿಲಾದಾಗ
ಕನ್ನಡಕದ ಮೇಲೆ ಕನ್ನಡಕ ಏರಿಸಿ
ಚೂರಿಗೆ ಚೂರು ಕೂಡಿಸುವಳು.
ಕೊಡಬೇಕಾದವರ ಪಟ್ಟಿ ಹಿಟ್ಟಿನ ಡಬ್ಬಿಯ ಮುಚ್ಚಳದೊಳಗೆ:
ಹೊಸ ಪಾದ್ರಿ, ಅಂಚೆಯ ಹುಡುಗಿ,
ಅವಳಿ ಹೆತ್ತ ಲವಿನಿಯಾ,
ಬೇಲಿಯ ಜಗಳಕ್ಕೆ ಹನ್ನೆರಡು ವರ್ಷ ಮಾತು ಬಿಟ್ಟ ಹಿಬರ್ಟ್.
ಅವನಿಗೂ ಒಂದು. ಒಂದೇ.
ಇನ್ನೊಂದು ಕೈ ಸುಡಲಿ, ಅಂದಳು.

ಒಂಬತ್ತನೆಯ ವರ್ಷ, ಮಾರ್ಚಿನ ಮಂಜು ಸಂಜೆ,
ಒಲೆಯೊಳಗೆ ಕಾಕಂಬಿ ಬೆರೆಸಿದ ಬೀನ್ಸ್ ಕಾಳು
ಬೆಳಗಿನಿಂದ ಬೇಯುತ್ತಿತ್ತು.
ಬಂದಳು. ಗೋಡೆ ನೋಡಿದಳು.
ನಾನು ಹಿಗ್ಗಿ ಅಂದೆ: ಎಷ್ಟು ಜೋಪಾನ ಮಾಡಿದ್ದೇನೆ ನೋಡು,
ನಿನ್ನೆ ಹೊಲಿದ ಹಾಗಿಲ್ಲವೇ?

ಮಾತಿಲ್ಲ.
ಕುರ್ಚಿ ಎಳೆದಳು, ಎಪ್ಪತ್ತೆರಡರ ಮಂಡಿ ಹತ್ತಿಸಿದಳು,
ಮೊಳೆಯಿಂದ ಎರಡನ್ನೂ ಕಿತ್ತು
ಒಲೆಯ ಬಾಗಿಲು ತೆರೆದು
ಬೀಡಿನ ಪಾತ್ರೆಯ ಎರಡು ಕಿವಿ ಹಿಡಿದು
ಹೊರಗೆಳೆದಳು.
ಕಾಕಂಬಿ ಉಕ್ಕಿ
ದಿಕ್ಸೂಚಿಯ ಉತ್ತರದ ಮೊನೆಯ ಮೇಲೆ
ಚುಂಯ್ ಅಂದಿತು.

ಹಾಂ, ಈಗ ಕೊಟ್ಟ ಹಾಗಾಯಿತು, ಅಂದಳು.
ತಟ್ಟೆ ತಾ.

ಆ ಕಲೆ ಸೋಪಿಗೆ ಹೋಗಲಿಲ್ಲ, ಬಿಸಿಲಿಗೆ ಹೋಗಲಿಲ್ಲ.
ಆಮೇಲೆ ಎಣ್ಣೆ ಬಿತ್ತು, ಬ್ರೆಡ್ಡಿನ ಹಿಟ್ಟು ಬಿತ್ತು,
ಒಂದು ಮೂಲೆ ಸುಟ್ಟು ಕಂಬಳಿಯ ಬೂದು ಇಣುಕಿತು.
ಕತ್ತಲಲ್ಲೂ ಈಗ ಕೈ ಅದರ ಕಡೆಗೇ ಹೋಗುತ್ತದೆ.
ನೆಂದಾಗ ಒಮ್ಮೊಮ್ಮೆ
ಡೀಸೆಲ್ ವಾಸನೆ ನಿಜಕ್ಕೂ ಬರುತ್ತದೆ.

ಹಿಬರ್ಟ್ ಈಚೆಗೆ ಹೇಳಿ ಕಳಿಸಿದನಂತೆ,
ತನಗೂ ದೇವರು ಎರಡು ಕೈ ಕೊಟ್ಟಿದ್ದಾನೆ ಎಂದು.
ನೋಡೋಣ, ಅಂದಳಂತೆ,
ಬಟ್ಟೆ ಮಿಕ್ಕರೆ.