ಎಂಬತ್ತೇಳು ಪಾಯಿಂಟ್ ಒಂಬತ್ತು

ಸಿಗರೇಟು ಹಚ್ಚುವ ತೂತಿಗೆ
ಸಿಗರೇಟು ಸೇದದ ನಾನು
ಹೆಬ್ಬೆರಳು ಗಾತ್ರದ ಈ ಕಡ್ಡಿ ಸಿಕ್ಕಿಸಿದ್ದೇನೆ.
ಒಂದು ಕಡೆಯಿಂದ ಉಣಿಸುತ್ತದೆ,
ಇನ್ನೊಂದು ಕಡೆಯಿಂದ ಹಾಡಿಸುತ್ತದೆ.
ಉಂಡವನೇ ಹಾಡಬೇಕು, ನ್ಯಾಯವೇ ಸರಿ.

ಪ್ಲೇಯರಿನ ಬ್ಯಾಟರಿ ಎಂದೋ ಸತ್ತಿದೆ.
ವಯರು ಕಿತ್ತರೆ ಹಾಡು ಅಲ್ಲೇ, ಪದದ ನಡುವೆಯೇ ಗಪ್‌ಚುಪ್.
ಎಂಜಿನ್ ಓಡಿದಷ್ಟು ಹೊತ್ತು ಅದಕ್ಕೆ ಆಯುಸ್ಸು.
ಹಾಪ್ಸಾಲು ಸಂತೆಯಲ್ಲಿ ಕೊಂಡದ್ದು, ಐದು ಯೂರೋ,
ಯಾರದೋ ಹಾಡುಗಳ ಸಮೇತ.
ಅಳಿಸಲು ಬೇಕಾದ ಕೇಬಲ್ಲು ಮಾರಿದವಳ ಬಳಿಯೂ ಇರಲಿಲ್ಲ.
ಬಾಡಿಗೆ ಮನೆಯ ಗೋಡೆಯಲ್ಲಿ
ಹಿಂದಿನವರ ಕ್ಯಾಲೆಂಡರು ಹಾಗೇ ಬಿಟ್ಟಂತೆ
ಅವನ್ನೇ ಕೇಳುತ್ತ ಬಂದಿದ್ದೇನೆ:
ಡಿಸ್ಕೋ ನಲವತ್ತು, ಮಕ್ಕಳ ಕಥೆ ಎರಡು,
ಜರ್ಮನ್ ಪಾಠ, ಅದೂ ಮೂರನೆಯದರ ತನಕ,
ಮತ್ತೆ ಹೆಸರೇ ಇಡದ ಒಂದು, ಬರೀ ‘ರೆಕಾರ್ಡಿಂಗ್ ಏಳು’.

ಯಾವುದೋ ಶಾಲೆಯ ಕೋಣೆ. ಮೇಳಗಾನದ ಅಭ್ಯಾಸ.
ಕುರ್ಚಿ ಎಳೆದ ಸದ್ದು. ಯಾರೋ ಕೆಮ್ಮುತ್ತಾರೆ.
ಹೆಂಗಸರ ಕೆಳದನಿಯಲ್ಲಿ ಒಬ್ಬಳು, ಪ್ರತಿ ಸಲ,
ಕೂದಲೆಳೆಯಷ್ಟು ಕೆಳಗೆ.
ಪಿಯಾನೋ ಶ್ರುತಿ ಮಾಡುವುದು ನನ್ನ ಹೊಟ್ಟೆಪಾಡು;
ತಂತಿಯ ಕಿವಿ ಹಿಂಡಿದ ಹಾಗೆ
ಅವಳದ್ದೂ ಹಿಂಡಬೇಕು ಅನಿಸಿತ್ತು ಮೊದಮೊದಲು.
ಮೇಷ್ಟ್ರು ತಡೆಯುತ್ತಾರೆ: ‘ಮತ್ತೆ, ಮೊದಲಿಂದ.’
ಅವಳು ಮತ್ತೆ, ಮೊದಲಿಂದ, ಅಷ್ಟೇ ಕೆಳಗೆ.

ಖಾಲಿ ಜಾಗ ಹುಡುಕುವುದೇ ದೊಡ್ಡ ಕೆಲಸ.
ಟಾಲಿನ್‌ನ ಆಕಾಶದಲ್ಲಿ ಕಾಲಿಡಲು ಎಡೆಯಿಲ್ಲ,
ಒಬ್ಬರ ಮೈಮೇಲೆ ಒಬ್ಬರು ಸೋಫಾ ಮಾರುತ್ತಾರೆ.
ರಿಸ್ತಿ ದಾಟಿದ ಮೇಲೆ
ಎಂಬತ್ತೇಳು ಪಾಯಿಂಟ್ ಒಂಬತ್ತು
ಯಾರೂ ಬೇಲಿ ಹಾಕದ ಸೈಟಿನಂತೆ ಬಿದ್ದಿರುತ್ತದೆ.
ಅಲ್ಲಿ ಬಿಡಾರ ಹೂಡುತ್ತೇನೆ.

ರೊಹುಕ್ಯುಲ ಬಂದರು, ನವೆಂಬರು. ಹಡಗಿಗೆ ಸಾಲು.
ದ್ವೀಪದ ಶಾಲೆಗಳಲ್ಲಿ ಆರು ಪಿಯಾನೋ ಕಾಯುತ್ತಿವೆ.
ಪಕ್ಕದ ವ್ಯಾನಿನಿಂದ ಇಳಿದವನೊಬ್ಬ ಗಾಜು ತಟ್ಟಿದ.
(ಹೆಸರು ಕಾಲ್ಯು, ಅದು ಆಮೇಲೆ ತಿಳಿದದ್ದು, ವ್ಯಾನಿನ ಬದಿ ಓದಿ:
ಕಾಲ್ಯು, ಚಿಮಣಿ ರಿಪೇರಿ.)
‘ನನ್ನ ರೇಡಿಯೋ ಸ್ಟೇಷನ್ ಹುಡುಕುತ್ತ ನಿಮ್ಮಲ್ಲಿ ಬಂದು ನಿಂತಿದೆ.’
ಕದ್ದು ಸಿಕ್ಕಿಬಿದ್ದವಳಂತೆ, ತೆಗೆದೆ, ಈಗಲೇ ತೆಗೆದೆ, ಅಂದೆ.
‘ಜರ್ಮನ್ ತೆಗೀರಿ. ಅದಕ್ಕೆ ಮೊದಲು ಮೇಳ ಇತ್ತಲ್ಲ,
ಒಬ್ಬಳು ಸರಿ ಹಾಡಲ್ಲ ನೋಡಿ, ಅದು ಹಾಕಿ.’
ತಂಗಿ ಅನ್ನುತ್ತಾನೇನೋ, ತೀರಿಕೊಂಡ ಹೆಂಡತಿಯೇನೋ,
ಕಾದೆ.
ಹಾಗೇನಿಲ್ಲ. ‘ಅವಳಿಗೆ ಯಾವಾಗ ಬರುತ್ತೋ ನೋಡೋಣ ಅಂತ.’

ಹೋಗಿ ಬಾಗಿಲು ಹಾಕಿಕೊಂಡ.
ಎರಡು ಗಾಡಿ, ಎರಡು ಗಾಜು, ನಡುವೆ ಉಪ್ಪುಗಾಳಿ.
ಅದೇ ಸ್ವರ ಬಂತು, ನಾನು ಮುಖ ಕಿವಿಚಿದೆ,
ಅಲ್ಲಿ ಅವನೂ, ಅದೇ ಗಳಿಗೆ.
ಆಮೇಲೆ ಹಡಗಿನವನು ಕೈ ಬೀಸಿದ. ಡೆಕ್ಕಿನ ಮೇಲೆ ಎಂಜಿನ್ ಆರಿಸಬೇಕು.
‘ಮತ್ತೆ, ಮೊದ’ ಅನ್ನುವಲ್ಲಿ ಮೇಷ್ಟ್ರ ಬಾಯಿ ಕಟ್ಟಿತು.

ಈಗ ಫೆಬ್ರವರಿ. ಕಡಲೇ ಹೆಪ್ಪುಗಟ್ಟಿ ರಸ್ತೆ.
ಬೋರ್ಡು ಹೇಳುತ್ತದೆ: ಸೀಟುಬೆಲ್ಟು ಬಿಚ್ಚಿ. ಎಲ್ಲೂ ನಿಲ್ಲಬೇಡಿ.
ಗಾಡಿಗೂ ಗಾಡಿಗೂ ಇನ್ನೂರೈವತ್ತು ಮೀಟರು ಬಿಡಿ.
ವೇಗ ಇಪ್ಪತ್ತೈದರೊಳಗೆ, ಇಲ್ಲವೇ ನಲವತ್ತರ ಮೇಲೆ;
ನಡುವೆ ಹೋದರೆ ಕೆಳಗಿನ ನೀರು ದನಿಗೂಡಿಸಿ
ಹಿಮ ಬಿರಿಯುತ್ತದೆ.
ಇದನ್ನು ನನಗೆ ಬಿಡಿಸಿ ಹೇಳಬೇಕಿಲ್ಲ.
ಒಂದು ತಂತಿ ಮಿಡಿದರೆ ಮುಟ್ಟದ ತಂತಿ ನಡುಗುವುದನ್ನು
ಮೂವತ್ತು ವರ್ಷ ಬೆರಳ ತುದಿಯಲ್ಲಿ ಕಂಡವಳು.

ಮುಂದೆ, ಬಿಳಿಯಲ್ಲಿ ಸಾಸಿವೆಯಷ್ಟು, ಒಂದು ವ್ಯಾನು.
ಅವನದೇ ಇರಬಹುದು, ಮೀನಿನವರದೂ ಇರಬಹುದು.
ಈ ಕಡ್ಡಿಯ ದನಿ ನಾಲ್ಕು ಮಾರು ದಾಟದು, ಗೊತ್ತು.
ಆದರೂ ಏಳನೆಯದು ಹಾಕಿದೆ.
ಗಾಡಿ ನಿಲ್ಲುವಂತಿಲ್ಲ, ಹಾಗಾಗಿ ಹಾಡೂ ನಿಲ್ಲುವಂತಿಲ್ಲ.
ಕುರ್ಚಿ. ಕೆಮ್ಮು.
ಅವಳು, ಕೂದಲೆಳೆ ಕೆಳಗೆ,
ಈ ಸಲ ಸ್ವಲ್ಪ ಮೇಲೆ ಬಂದಳೇ ಎಂದು ಕಿವಿಗೊಟ್ಟು
ಮುಳ್ಳು ನೋಡಿದರೆ ಮೂವತ್ತೆಂಟು.
ಬೆಚ್ಚಿ ಕಾಲೊತ್ತಿದೆ.
ನಲವತ್ತೆರಡು.
‘ಮತ್ತೆ,’ ಅಂದರು ಮೇಷ್ಟ್ರು.