ಮತದಾನದ ಮರುದಿನ

ಬೀಗ ತೆಗೆದರೆ ಕೋಣೆ ನನ್ನದಾಗಿರಲಿಲ್ಲ.
ಪಾಲಿಕೆ ಚುನಾವಣೆಯವರು ಬೆಂಚುಗಳನ್ನೆಲ್ಲ
ಗೋಡೆಗೆ ಒತ್ತರಿಸಿ ಹೋಗಿದ್ದರು. ನಡುವೆ ಬರೀ ನೆಲ,
ಒಂದು ಅರಗಿನ ಕಲೆ, ಟೀ ಕುಡಿದ ಲೋಟ,
ಬಾಗಿಲ ಪಕ್ಕ ಅಂಟಿಸಿದ ಬಾಣದ ಚೀಟಿ:
ಒಳಗೆ.

ಹದಿನಾರು ವರ್ಷ ಕಪ್ಪು ಹಲಗೆಯ ಎಡಮೂಲೆಯಲ್ಲಿ ನಿಂತವಳು ನಾನು.
ಏಳು ಸಾಲು, ನಲವತ್ತೆರಡು ತಗ್ಗಿಸಿದ ಬೈತಲೆ.
ಆವಿಯಾಗುವಿಕೆ ಎಂದರೇನು ಅಂದರೆ
ನಲವತ್ತೆರಡು ಬಾಯಿ, ಒಂದೇ ರಾಗ.
ಎರಡು ಅಂಕ.
ಆ ರಾಗದಲ್ಲಿ ನಾನೂ ಬೆಚ್ಚಗಿದ್ದೆ, ಸುಳ್ಳೇಕೆ.

ಅವತ್ತು ಬೆಂಚು ಎಳೆಯಲು ಜವಾನ ಬಂದಿರಲಿಲ್ಲ.
ಮಕ್ಕಳು ಸುತ್ತ ಗೋಡೆಗಾತು ಕೂತರು.
ನನಗೆ ನಿಲ್ಲಲು ಮೂಲೆಯೇ ಇಲ್ಲ,
ನಡುವೆ ನಿಂತರೆ ಯಾರಿಗಾದರೂ ಬೆನ್ನು.
ಕೊನೆಗೆ ಶಮ್ಶಾದಳ ಪಕ್ಕದ ತುದಿಯಲ್ಲಿ ಕೂತೆ.
ಅವಳ ಜಡೆಯಿಂದ ಸುಟ್ಟ ಹೊಟ್ಟಿನ ವಾಸನೆ.

ಕಿಟಕಿಯಾಚೆ, ದಾವಣಗೆರೆಯ ಬೆನ್ನ ಮೇಲೆ,
ಮಂಡಕ್ಕಿ ಭಟ್ಟಿಗಳು ಎಂದಿನಂತೆ ಆಕಾಶಕ್ಕೆ ಮಸಿ ಬಳಿಯುತ್ತಿದ್ದವು.
ಬಾಯಿತಪ್ಪಿ ಕೇಳಿದೆ, ಪುಸ್ತಕದಲ್ಲಿಲ್ಲದ್ದು:
ಮಂಡಕ್ಕಿ ಯಾಕೆ ಉಬ್ಬುತ್ತೆ?

ರಾಗ ಬರಲಿಲ್ಲ.
ನಾಲಿಗೆ ತುದಿಗೆ ಬಂದ ಉತ್ತರವನ್ನು
ಯಾಕೋ ನುಂಗಿದೆ. ಅದು ಇಳಿಯಲು ಬಹಳ ಹೊತ್ತು ಹಿಡಿಯಿತು.

"ಮರಳು ಕಾದಿರ್ತತಲ್ರೀ ಮಿಸ್," ಅಂದ ಓಬಳೇಶ.
"ಬರೇ ಮರಳಲ್ಲ." ಶಮ್ಶಾದ್, ನೆಲ ನೋಡುತ್ತ.
"ಅಕ್ಕಿಗೆ ಉಪ್ಪುನೀರು ಕುಡಿಸಬೇಕು. ಜಾಸ್ತಿ ಆದ್ರೆ ಮುದ್ದೆ,
ಕಮ್ಮಿ ಆದ್ರೆ ಸೀದು ಹೋಗ್ತತಿ, ಉಬ್ಬದೇ ಇಲ್ಲ.
ಒಳಗಿನ ನೀರು ಹೊರಗೆ ಬರಾಕೆ ಒದ್ದಾಡ್ತತಿ, ಅಷ್ಟೇ."
ಮೂರು ವರ್ಷದಿಂದ ನನ್ನ ಮುಂದೆ
ಹಾಜರಿಗೆ ಬಿಟ್ಟು ಬಾಯಿ ತೆರೆದವಳಲ್ಲ.

ಆಮೇಲೆ ಗಲಾಟೆ. ಬೆಲ್ಲು ಹೊಡೆದದ್ದು ಯಾರಿಗೂ ಕೇಳಲಿಲ್ಲ.
"ಮೆಕ್ಕೆಜೋಳ ಸಿಡಿದ್ರೆ ಒಳಮೈ ಹೊರಗಾಗ್ತತಿ,
ಅಕ್ಕಿ ಯಾಕೆ ಹಂಗಾಗಲ್ಲ ಮಿಸ್?"
ಗೊತ್ತಿಲ್ಲ, ಅಂದೆ.
ಆ ಕೋಣೆಯಲ್ಲಿ ಆ ಮಾತು ನನ್ನ ಬಾಯಿಂದ ಮೊದಲ ಸಲ.
ಹೊಸ ಟೀಚರ್ ಬಂದ ಹಾಗೆ ನೋಡಿದರು ಮಕ್ಕಳು.

ಸೋಮವಾರ ತಪಾಸಣೆ. ಹೆಡ್‌ಮಾಸ್ತರು ಸಾಲು ಮಾಡಿಸಿದರು.
ನಾನೂ ಬೆಂಚಿನ ಒಂದು ತುದಿ ಹಿಡಿದೆ.
ಬಾಣದ ಚೀಟಿ ಮಾತ್ರ ಕೀಳಲು ಬರಲಿಲ್ಲ, ಅಂಟು ಗಟ್ಟಿ.

ಸಂಜೆ ಭಟ್ಟಿಗೆ ಹೋದೆ.
ಶಮ್ಶಾದಳ ನಾನಿ, ಹುಬ್ಬಿನವರೆಗೂ ಮಸಿ,
ಖಾಲಿ ಚೀಲ ಮಡಿಸಿ ಕೂರಲು ಹಾಕಿದಳು.
ಅಕ್ಕಿ ಹದಕ್ಕೆ ಬಂದದ್ದು ಹೇಗೆ ತಿಳಿಯುತ್ತೆ, ಕೇಳಿದೆ.
ನಾಕು ಕಾಳು ಅಂಗೈಗೆ ಹಾಕಿ, "ಕಡೀರಿ," ಅಂದಳು.
ಕಡಿದೆ.
"ಏನು ತಿಳೀತು?"

ಎರಡು ಅಂಕದ ಯಾವ ಉತ್ತರವೂ ನೆನಪಾಗಲಿಲ್ಲ.
ಅವಳು ಹೇಳಿಕೊಡಲಿಲ್ಲ.
ಒಲೆಗೊಂದು ಬೊಗಸೆ ಹೊಟ್ಟು ಎರಚಿ
ನನ್ನ ದವಡೆಯನ್ನೇ ನೋಡುತ್ತ ಕೂತಳು.